ಸಿಗರೇಟಿನ ಹೊಗೆ ಎಪ್ಪತ್ತು ವರ್ಷದಲ್ಲಿ ಯಾವ ಕಡೆಗೆ ಬದಲಾಯ್ತು

ಮೊದಲು ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡೋಣ. 1950ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ಮಾರಾಟ ಆಗ್ತಿದ್ದ ಸಿಗರೇಟುಗಳ ಸರಾಸರಿ ತೆಗೆದ್ರೆ ಒಂದು ಸಿಗರೇಟಿಗೆ ಸುಮಾರು 38 ಮಿಲಿಗ್ರಾಂ ಟಾರ್ (ಹೊಗೇಲಿರೋ ಜಿಡ್ಡು ಕಣಗಳು), 2.7 ಮಿಲಿಗ್ರಾಂ ನಿಕೋಟಿನ್ ಬರ್ತಿತ್ತು. 1990ರ ದಶಕಕ್ಕೆ ಬರೋ ಹೊತ್ತಿಗೆ ಟಾರ್ 12 ಮಿಲಿಗ್ರಾಂಗೆ ಇಳಿದಿತ್ತು, ನಿಕೋಟಿನ್ ಒಂದು ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆ. ಅಂದ್ರೆ ಮೂರರಲ್ಲಿ ಒಂದು ಪಾಲು ಮಾತ್ರ ಉಳೀತು ಅಂತ ಲೆಕ್ಕ.

ಈಗ ಇನ್ನೊಂದು ಲೆಕ್ಕ. ಅದೇ ಅಮೆರಿಕದಲ್ಲಿ ಐವತ್ತು ವರ್ಷದ ಸಾವಿನ ದಾಖಲೆಗಳನ್ನ ಜೋಡಿಸಿ 2013ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಸೇದದೇ ಇರೋ ಹೆಂಗಸರಿಗೆ ಹೋಲಿಸಿದ್ರೆ ಸೇದೋ ಹೆಂಗಸರು ಶ್ವಾಸಕೋಶದ ಕ್ಯಾನ್ಸರಿಂದ ಸಾಯೋ ಅಪಾಯ 1960ರ ದಶಕದ ಆರಂಭದಲ್ಲಿ 2.7 ಪಟ್ಟು ಇತ್ತು, 1980ರ ದಶಕದಲ್ಲಿ 12.7 ಪಟ್ಟು ಆಯ್ತು, 2000ರಿಂದ 2010ರ ಅವಧಿಗೆ 25.7 ಪಟ್ಟು. ಗಂಡಸರಲ್ಲಿ 12.2 ಇದ್ದದ್ದು 23.8ಕ್ಕೆ ಹೋಗಿ 25ರ ಹತ್ರ ನಿಂತಿದೆ. ಹೆಂಗಸರ ಲೆಕ್ಕ ಇಷ್ಟು ಏರೋದಕ್ಕೆ ಮುಖ್ಯ ಕಾರಣ ಅಂದ್ರೆ ಅವರು ಗಂಡಸರ ಹಾಗೆ ಚಿಕ್ಕ ವಯಸ್ಸಲ್ಲೇ ಶುರು ಮಾಡಿ ದಶಕಗಟ್ಟಲೆ ಸೇದಿದ್ದು, ಅದನ್ನ ಮರೆಯೋ ಹಾಗಿಲ್ಲ. ಆದ್ರೂ ಟಾರ್ ಮೂರರಲ್ಲಿ ಒಂದಕ್ಕೆ ಇಳಿದಿದ್ರೆ ಸೇದೋರ ಅಪಾಯ ಎಲ್ಲಾದ್ರೂ ಒಂದು ಕಡೆ ಇಳಿದಿರಬೇಕಿತ್ತಲ್ವಾ? ಇಳೀಲಿಲ್ಲ. ಯಾಕೆ ಇಳೀಲಿಲ್ಲ ಅನ್ನೋದೇ ನಾನು ಇವತ್ತು ಬರೀತಿರೋದು, ಸ್ವಲ್ಪ ಉದ್ದ ಆಗುತ್ತೆ, ಕೆಮಿಸ್ಟ್ರಿ ಬರುತ್ತೆ, ಆದ್ರೆ ಇದು ಕೆಮಿಸ್ಟ್ರಿ ಓದಿದವರಿಗೆ ಮಾತ್ರ ಗೊತ್ತಿದ್ರೆ ಸಾಕು ಅನ್ನೋ ವಿಷಯ ಅಲ್ಲ ಅಂತ ನನಗೆ ಬಲವಾಗಿ ಅನ್ಸುತ್ತೆ.

ಹೊಗೆ ಹುಟ್ಟೋದು ಹೇಗೆ ಅಂತ ಮೊದಲು ನೋಡೋಣ. ಸಿಗರೇಟಿನ ತುದೀಲಿ ಕೆಂಪಗೆ ಉರಿಯೋ ಕೆಂಡ ಇರುತ್ತಲ್ಲ, ದಮ್ಮು ಎಳೆದಾಗ ಅದರ ಶಾಖ 900 ಡಿಗ್ರಿ ಸೆಲ್ಸಿಯಸ್ ಹತ್ರ ಹೋಗುತ್ತೆ, ಸುಮ್ನೆ ಕೈಲಿ ಹಿಡ್ಕೊಂಡು ಕೂತಾಗ ಅದಕ್ಕಿಂತ ತುಂಬಾ ಕಡಿಮೆ. ಆದ್ರೆ ಹೊಗೆಯ ಹೆಚ್ಚಿನ ಭಾಗ ತಯಾರಾಗೋದು ಆ ಕೆಂಡದೊಳಗಲ್ಲ, ಅದರ ಬೆನ್ನಿಗೇ ಇರೋ ಒಂದು ಚಿಕ್ಕ ಜಾಗದಲ್ಲಿ. ಅಲ್ಲಿ ಶಾಖ ಇರುತ್ತೆ, ಆದ್ರೆ ಆಮ್ಲಜನಕ ಇರಲ್ಲ, ಯಾಕಂದ್ರೆ ಇರೋದನ್ನೆಲ್ಲ ಕೆಂಡ ಮೊದಲೇ ತಿಂದಿರುತ್ತೆ. ಹಾಗಾಗಿ ಅಲ್ಲಿ ಎಲೆ ಪೂರ್ತಿ ಉರಿಯಲ್ಲ, ಒಡೆದು ಚೂರಾಗುತ್ತೆ, ಆ ಚೂರುಗಳು ಮತ್ತೆ ಒಂದಕ್ಕೊಂದು ಅಂಟಿ ಹೊಸ ಹೊಸ ಅಣುಗಳಾಗ್ತವೆ. ಎಲೇಲಿ ಇಲ್ಲದೇ ಇದ್ದ ಸಾವಿರಾರು ವಸ್ತುಗಳು ಅಲ್ಲಿ ಹುಟ್ಟುತ್ತವೆ. 1950ರ ದಶಕದ ಆರಂಭದಲ್ಲಿ ಹೊಗೇಲಿ ಗುರುತು ಹಿಡಿದಿದ್ದ ರಾಸಾಯನಿಕಗಳು ನೂರರ ಆಸುಪಾಸು, ಇವತ್ತು 7,000ಕ್ಕೂ ಹೆಚ್ಚು, ಅದರಲ್ಲಿ ಕ್ಯಾನ್ಸರ್ ತರೋವು ಅಂತ ಗೊತ್ತಾಗಿರೋದು ಎಪ್ಪತ್ತರ ಹತ್ರ. ಈ ಏರಿಕೆ ಮಾತ್ರ ಹೊಗೆ ಬದಲಾಗಿದ್ದಕ್ಕಲ್ಲ, ಅಳೆಯೋ ಯಂತ್ರಗಳು ಚುರುಕಾಗಿದ್ದಕ್ಕೆ.

ಇಷ್ಟೊಂದು ವಸ್ತುಗಳನ್ನ ಪ್ಯಾಕೆಟ್ ಮೇಲೆ ಒಂದೇ ಒಂದು ಸಂಖ್ಯೆ ಮಾಡಿ ಹಾಕ್ತಿದ್ರು, ಟಾರ್ ಅಂತ. ಅದನ್ನ ಅಳೆಯೋದು ಹೀಗೆ: ಒಂದು ಯಂತ್ರಕ್ಕೆ ಸಿಗರೇಟು ಸಿಕ್ಕಿಸ್ತಾರೆ, ಅದು ನಿಮಿಷಕ್ಕೊಂದು ಸಲ, ಎರಡು ಸೆಕೆಂಡು, 35 ಮಿಲಿಲೀಟರ್ ಹೊಗೆ ಎಳೆಯುತ್ತೆ. ಹೊಗೆ ಒಂದು ಬಿಲ್ಲೆಯಂಥ ಗಾಜಿನ ನಾರಿನ ಪ್ಯಾಡ್ ಮೂಲಕ ಹಾದು ಹೋಗುತ್ತೆ, ಕಣಗಳೆಲ್ಲ ಆ ಪ್ಯಾಡಿಗೆ ಅಂಟಿಕೊಳ್ತವೆ, ಬಿಳಿ ಪ್ಯಾಡ್ ಕಂದು ಬಣ್ಣಕ್ಕೆ ತಿರುಗುತ್ತೆ. ಆಮೇಲೆ ಪ್ಯಾಡ್ ತೂಕ ಮಾಡಿ ಅದರಲ್ಲಿರೋ ನೀರಿನ ತೂಕ, ನಿಕೋಟಿನ್ ತೂಕ ಕಳೀತಾರೆ, ಉಳಿದದ್ದೆಲ್ಲ ಟಾರ್. ಉಳಿದದ್ದೆಲ್ಲ! ಅದರೊಳಗೆ ಏನಿದೆ, ಯಾವುದು ಹೆಚ್ಚಾಯ್ತು ಯಾವುದು ಕಡಿಮೆ ಆಯ್ತು ಅಂತ ತೂಕ ಹೇಳಲ್ಲ. 38 ಇದ್ದದ್ದು 12 ಆದಾಗ ಒಳಗಿರೋ ಎಲ್ಲವೂ ಅದೇ ಪ್ರಮಾಣದಲ್ಲಿ ಇಳೀತು ಅಂತ ಜನ ಅಂದ್ಕೊಂಡ್ರು, ಹಾಗೆ ಅಂದ್ಕೊಳ್ಳೋದು ತಪ್ಪೂ ಅಲ್ಲ, ಯಾರಾದ್ರೂ ಹಾಗೇ ಅಂದ್ಕೊಳ್ತಾರೆ. ಪ್ಯಾಡ್ ಮೂಲಕ ತೂರಿ ಹೋಗೋ ಅನಿಲಗಳಂತೂ (ಅಕ್ರೋಲಿನ್, ಬ್ಯೂಟಾಡೈಯೀನ್, ಹೈಡ್ರೋಜನ್ ಸಯನೈಡ್ ತರದವು) ಈ ಲೆಕ್ಕಕ್ಕೆ ಬರೋದೇ ಇಲ್ಲ.

ಟಾರ್ ಇಳಿಸೋ ಓಟ ಶುರು ಆಗಿದ್ದು ಭಯದಿಂದ. 1950ರಲ್ಲಿ ಬ್ರಿಟನ್ನಿನಲ್ಲಿ ಡಾಲ್ ಮತ್ತು ಹಿಲ್, ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ, ಎರಡು ತಂಡಗಳೂ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರೋ ನಂಟನ್ನ ಅಂಕಿಅಂಶದಲ್ಲಿ ತೋರಿಸಿದ್ವು. 1953ರಲ್ಲಿ ವಿಂಡರ್ ತಂಡ ಸಿಗರೇಟಿನ ಹೊಗೆಯಿಂದ ತೆಗೆದ ಟಾರನ್ನ ಇಲಿಗಳ ಬೆನ್ನಿಗೆ ಹಚ್ಚಿ ನೋಡ್ತು, 44 ಶೇಕಡಾ ಇಲಿಗಳಿಗೆ ಕ್ಯಾನ್ಸರ್ ಬಂತು. ಇದಕ್ಕೂ ಮೊದಲೇ 1930ರ ದಶಕದಲ್ಲಿ ಅರ್ಜೆಂಟೀನಾದ ರೋಫೋ ಅನ್ನೋ ವೈದ್ಯರು ತಂಬಾಕಿನ ಟಾರನ್ನ ಮೊಲಗಳಿಗೆ ಹಚ್ಚಿ ಇದೇ ಫಲಿತಾಂಶ ಕಂಡಿದ್ರು, ಆಗ ಯಾರೂ ಅಷ್ಟು ಕಿವಿ ಕೊಡ್ಲಿಲ್ಲ. ಆ ಟಾರಿನಲ್ಲಿ ಎಲ್ಲರ ಕಣ್ಣು ಬಿದ್ದದ್ದು ಬೆಂಜೊಪೈರೀನ್ ಮೇಲೆ. ಕಲ್ಲಿದ್ದಲ ಟಾರಿನಲ್ಲಿ ಕ್ಯಾನ್ಸರ್ ತರೋ ವಸ್ತು ಅಂತ 1933ರಲ್ಲೇ ಬೇರ್ಪಡಿಸಿದ್ದ ಐದು ಉಂಗುರದ ಅಣು ಅದು. ಮುಂದೆ 1996ರಲ್ಲಿ ಈ ಅಣು ದೇಹದೊಳಗೆ ಬದಲಾದ ಮೇಲೆ ಪಿ53 ಅನ್ನೋ, ಕ್ಯಾನ್ಸರ್ ತಡೆಯೋ ಜೀನಿನಲ್ಲಿ, ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕೆಟ್ಟಿರೋ ಜಾಗಗಳಲ್ಲೇ ಹೋಗಿ ಅಂಟಿಕೊಳ್ಳುತ್ತೆ ಅಂತ ತೋರಿಸಿದ್ರು.

ಕಂಪನಿಗಳ ಮೊದಲ ಉತ್ತರ ಫಿಲ್ಟರ್. 1950ರಲ್ಲಿ ಅಮೆರಿಕದ ಮಾರುಕಟ್ಟೇಲಿ ಫಿಲ್ಟರ್ ಇರೋ ಸಿಗರೇಟು ಲೆಕ್ಕಕ್ಕೇ ಇರ್ಲಿಲ್ಲ, ಹತ್ತು ವರ್ಷದಲ್ಲಿ ಅರ್ಧ ಮಾರುಕಟ್ಟೆ ಅದರದ್ದಾಯ್ತು. ಆ ಅವಸರದಲ್ಲಿ ಏನೇನು ಮಾಡಿದ್ರು ಅನ್ನೋದಕ್ಕೆ ಒಂದು ಉದಾಹರಣೆ ಸಾಕು. ಕೆಂಟ್ ಅನ್ನೋ ಸಿಗರೇಟಿನ ಮೈಕ್ರೊನೈಟ್ ಫಿಲ್ಟರ್, 1952ರಿಂದ 1956ರವರೆಗೆ, ಅದರಲ್ಲಿ ಕ್ರೊಸಿಡೊಲೈಟ್ ಇತ್ತು, ಅಂದ್ರೆ ನೀಲಿ ಕಲ್ನಾರು, ಕಲ್ನಾರುಗಳಲ್ಲೇ ಅತ್ಯಂತ ಅಪಾಯದ ಬಗೆ. ಆರೋಗ್ಯ ಕಾಪಾಡುತ್ತೆ ಅಂತ ಜಾಹೀರಾತು ಕೊಟ್ಟು ಮಾರಿದ ಫಿಲ್ಟರ್ ಅದು. ಆಮೇಲೆ ಎಲ್ಲರೂ ಸೆಲ್ಯುಲೋಸ್ ಅಸಿಟೇಟ್ ನಾರಿಗೆ ಬಂದ್ರು, ಇವತ್ತಿಗೂ ಅದೇ ಇರೋದು, ನೋಡೋಕೆ ಹತ್ತಿ ಹಾಗೆ ಕಂಡ್ರೂ ಅದು ಪ್ಲಾಸ್ಟಿಕ್. ಅದು ಕಣಗಳಲ್ಲಿ ಒಂದಷ್ಟನ್ನ ತಡೆಯುತ್ತೆ, ಫೀನಾಲ್‌ಗಳನ್ನ ಚೆನ್ನಾಗಿ ಹಿಡಿಯುತ್ತೆ, ಕಾರ್ಬನ್ ಮಾನಾಕ್ಸೈಡ್ ಅಂಥ ಅನಿಲ ಬಂದ್ರೆ ಸುಮ್ನೆ ಬಿಟ್ಟುಬಿಡುತ್ತೆ. ಇದ್ದಿಲು ಸೇರಿಸಿದ ಫಿಲ್ಟರುಗಳು ಅಕ್ರೋಲಿನ್, ಹೈಡ್ರೋಜನ್ ಸಯನೈಡ್ ತರದ ಕೆಲವನ್ನ ಹಿಡೀತವೆ, ಆದ್ರೆ ಅವು ಜಪಾನಿನಂಥ ಕೆಲವು ಕಡೆ ಬಿಟ್ರೆ ಅಷ್ಟಾಗಿ ಹಬ್ಬಲಿಲ್ಲ.

ಫಿಲ್ಟರ್ ಜೊತೆಗೆ ಒಳಗಿನ ತಂಬಾಕೂ ಬದಲಾಯ್ತು, ನನಗೆ ಅತ್ಯಂತ ಮುಖ್ಯ ಅನ್ಸೋದು ಈ ಭಾಗ. ಮೊದಲೆಲ್ಲ ಬಿಸಾಡ್ತಿದ್ದ ಎಲೆಯ ನಾಳ, ದಂಟು, ಪುಡಿ ಇವನ್ನೆಲ್ಲ ಅರೆದು ಕಾಗದದ ಹಾಳೆ ತರ ಮಾಡಿ ಕತ್ತರಿಸಿ ತುಂಬೋಕೆ ಶುರು ಮಾಡಿದ್ರು. ಎಲೆಯನ್ನ ಉಬ್ಬಿಸಿ ಕಡಿಮೆ ತೂಕದಲ್ಲೇ ಸಿಗರೇಟು ತುಂಬೋ ವಿಧಾನ ಬಂತು. ಹೆಚ್ಚು ಗಾಳಿ ಬಿಡೋ ಕಾಗದ ಬಂತು. ಮಿಶ್ರಣದಲ್ಲಿ ಬರ್ಲಿ ಅನ್ನೋ ಜಾತಿಯ ತಂಬಾಕಿನ ಪಾಲು ಹೆಚ್ಚಾಯ್ತು. ಬರ್ಲಿಗೂ ದಂಟಿಗೂ ಒಂದು ಸಮಾನ ಗುಣ ಇದೆ, ಎರಡರಲ್ಲೂ ನೈಟ್ರೇಟ್ ಜಾಸ್ತಿ, ಹೊಲಕ್ಕೆ ಹಾಕೋ ಸಾರಜನಕ ಗೊಬ್ಬರ ಹೆಚ್ಚಾದಷ್ಟೂ ಇನ್ನೂ ಜಾಸ್ತಿ. 1950ರ ದಶಕದಲ್ಲಿ ಅಮೆರಿಕದ ಸಿಗರೇಟಿನ ತಂಬಾಕಿನಲ್ಲಿ ನೈಟ್ರೇಟ್ 0.3ರಿಂದ 0.5 ಶೇಕಡಾ ಇತ್ತು, 1980ರ ದಶಕದ ಕೊನೆಗೆ 0.6ರಿಂದ 1.35 ಶೇಕಡಾ ಆಗಿತ್ತು.

ನೈಟ್ರೇಟ್ ಜಾಸ್ತಿ ಆದ್ರೆ ತಂಬಾಕು ಚುರುಕಾಗಿ ಉರಿಯುತ್ತೆ, ದಮ್ಮುಗಳ ಸಂಖ್ಯೆ ಕಡಿಮೆ ಆಗುತ್ತೆ. ಅಷ್ಟೇ ಅಲ್ಲ, ಉರಿಯುವಾಗ ಅದರಿಂದ ನೈಟ್ರಿಕ್ ಆಕ್ಸೈಡ್ ಬರುತ್ತೆ, ಅದು ಹೋಗಿ ಬೆಂಜೊಪೈರೀನ್ ಕಟ್ಟಿಕೊಳ್ಳೋಕೆ ಬೇಕಾದ ರಾಡಿಕಲ್‌ಗಳನ್ನ, ಅಂದ್ರೆ ಬೇರೆಯದಕ್ಕೆ ಅಂಟೋಕೆ ಕಾಯೋ ಅಣುಗಳ ಚೂರುಗಳನ್ನ, ದಾರೀಲೇ ಹಿಡಿದುಬಿಡುತ್ತೆ. ಹಾಗಾಗಿ ಬೆಂಜೊಪೈರೀನ್ ನಿಜವಾಗ್ಲೂ ಇಳೀತು. 1950ರ ದಶಕದ ಕೊನೆಗೆ ಒಂದು ಸಿಗರೇಟಿಗೆ 50 ನ್ಯಾನೋಗ್ರಾಂ ಆಸುಪಾಸು ಇದ್ದದ್ದು 1990ರ ದಶಕಕ್ಕೆ ಅರ್ಧಕ್ಕಿಂತ ಕೆಳಗೆ ಬಂತು. ಇಲಿಯ ಬೆನ್ನಿಗೆ ಹಚ್ಚಿ ನೋಡೋ ಪರೀಕ್ಷೇಲಿ ಹೊಸ ಟಾರ್ ಹಳೇದರಷ್ಟು ಗಡ್ಡೆ ತರ್ಲಿಲ್ಲ. ಆ ಕಾಲದಲ್ಲಿ ಕೆಲಸ ಮಾಡ್ತಿದ್ದ ವಿಜ್ಞಾನಿಗಳಿಗೆ ಇದು ಸರಿಯಾದ ದಾರಿ ಅಂತ ಅನ್ಸಿದ್ರಲ್ಲಿ ಆಶ್ಚರ್ಯ ಇಲ್ಲ, ಅವರಲ್ಲಿ ಬಹಳ ಜನ ಪ್ರಾಮಾಣಿಕವಾಗೇ ಜನರ ಜೀವ ಉಳಿಸೋಕೆ ಹೊರಟಿದ್ದವರು.

ಆದ್ರೆ ನೈಟ್ರೇಟ್ ಇನ್ನೊಂದು ಕೆಲಸಾನೂ ಮಾಡುತ್ತೆ. ಎಲೆ ಒಣಗುವಾಗ ಅದರ ಮೇಲಿರೋ ಬ್ಯಾಕ್ಟೀರಿಯಾ ನೈಟ್ರೇಟನ್ನ ನೈಟ್ರೈಟ್ ಮಾಡ್ತವೆ, ಆ ನೈಟ್ರೈಟ್ ನಿಕೋಟಿನ್ ಜೊತೆಗೂ ಅದರ ದಾಯಾದಿ ಅಲ್ಕಲಾಯ್ಡ್‌ಗಳ ಜೊತೆಗೂ ಸೇರಿ ನೈಟ್ರೊಸಮೀನ್‌ಗಳಾಗ್ತವೆ. ಇವು ತಂಬಾಕಿಗೇ ವಿಶೇಷ, ನಿಕೋಟಿನ್ ಇಲ್ಲದ ಕಡೆ ಇವು ಹುಟ್ಟಲ್ಲ. ಅದರಲ್ಲಿ ಎರಡು ತುಂಬಾ ಕೆಟ್ಟವು, ಎನ್‌ಎನ್‌ಎನ್ ಮತ್ತು ಎನ್‌ಎನ್‌ಕೆ. 1970ರ ದಶಕದಲ್ಲಿ ಡೀಟ್ರಿಶ್ ಹಾಫ್‌ಮನ್, ಸ್ಟೀಫನ್ ಹೆಕ್ಟ್ ಇವರ ಗುಂಪು ಇವನ್ನ ತಂಬಾಕಿನಲ್ಲೂ ಹೊಗೇಲೂ ಹುಡುಕಿ ಅಳೀತು. ಅಮೆರಿಕದಲ್ಲಿ ಚೆನ್ನಾಗಿ ಮಾರಾಟ ಆಗ್ತಿದ್ದ ಒಂದು ಫಿಲ್ಟರ್ ಇಲ್ಲದ ಸಿಗರೇಟಿನ ಹೊಗೇಲಿ ಎನ್‌ಎನ್‌ಕೆ 1978ರಲ್ಲಿ 120 ನ್ಯಾನೋಗ್ರಾಂ ಇತ್ತು, 1995ರ ಹೊತ್ತಿಗೆ 190. ಟಾರ್ ಇಳೀತಾ ಹೋದ ಅದೇ ವರ್ಷಗಳಲ್ಲಿ ಇದು ಏರ್ತಾ ಹೋಗಿದೆ. ಟಾರ್ ಅಳೆಯೋದು ಮಿಲಿಗ್ರಾಂನಲ್ಲಿ, ಇದು ನ್ಯಾನೋಗ್ರಾಂ, ಅಂದ್ರೆ ಮಿಲಿಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು, ಪ್ಯಾಡ್ ತೂಕ ಹಾಕೋ ತಕ್ಕಡಿಗೆ ಇದು ಕಾಣೋದು ಸಾಧ್ಯಾನೇ ಇಲ್ಲ. ಈ ಎರಡನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರೋ ಮೊದಲನೇ ಗುಂಪಿಗೆ ಸೇರಿಸಿದೆ.

ಎಲೆ ಹದ ಮಾಡೋ ಕೊಠಡಿ, ಅಂದ್ರೆ ಬ್ಯಾರನ್ನಿನ ಕತೆ ಇನ್ನೂ ಬೇಜಾರು ತರಿಸುತ್ತೆ. ವರ್ಜೀನಿಯಾ ಜಾತಿಯ ತಂಬಾಕನ್ನ ಬಿಸಿ ಗಾಳೀಲಿ ಹದ ಮಾಡ್ತಾರೆ. ಹಳೇ ಬ್ಯಾರನ್ನುಗಳಲ್ಲಿ ಒಲೆಯ ಹೊಗೆ ಕೊಳವೆಯೊಳಗೇ ಹೋಗಿ ಹೊರಗೆ ಬೀಳ್ತಿತ್ತು, ಎಲೆಗೆ ತಾಕ್ತಿದ್ದದ್ದು ಬರೀ ಶಾಖ. 1960, 70ರ ದಶಕಗಳಲ್ಲಿ ಅಮೆರಿಕದ ರೈತರು ಗ್ಯಾಸ್ ಬರ್ನರಿಗೆ ಬದಲಾದ್ರು, ಅದು ಸ್ವಚ್ಛವಾಗಿ ಉರಿಯುತ್ತೆ ಅನ್ನೋ ಕಾರಣಕ್ಕೆ ಅದರ ಗಾಳಿಯನ್ನ ನೇರ ಎಲೆ ಮೇಲೇ ಬಿಟ್ರು. ಕಣ್ಣಿಗೆ ಸ್ವಚ್ಛ, ಮಸಿ ಇಲ್ಲ ವಾಸನೆ ಇಲ್ಲ, ಆದ್ರೆ ಗ್ಯಾಸ್ ಉರಿದಾಗ ಬರೋ ನೈಟ್ರೋಜನ್ ಆಕ್ಸೈಡುಗಳು ಎಲೆಯ ನಿಕೋಟಿನ್ ಜೊತೆ ಸೇರಿ ಅಲ್ಲೇ, ಬ್ಯಾರನ್ನಿನೊಳಗೇ, ನೈಟ್ರೊಸಮೀನ್ ಮಾಡ್ತಿದ್ವು. ಹಸಿರೆಲೇಲಿ ಹೆಚ್ಚುಕಮ್ಮಿ ಇಲ್ಲದೇ ಇದ್ದ ವಿಷ ಅದು. ಇದು ಬೆಳಕಿಗೆ ಬಂದ ಮೇಲೆ 2000ದ ಆಸುಪಾಸಿನಲ್ಲಿ ಬ್ಯಾರನ್ನುಗಳಿಗೆ ಶಾಖ ವಿನಿಮಯದ ಸಾಧನ ಕೂರಿಸಿ ಬರ್ನರಿನ ಗಾಳಿಯನ್ನ ಮತ್ತೆ ಹೊರಗೆ ಕಳಿಸೋ ವ್ಯವಸ್ಥೆ ಮಾಡಿದ್ರು, ಆ ತಂಬಾಕಿನ ನೈಟ್ರೊಸಮೀನ್ ತೀವ್ರವಾಗಿ ಇಳೀತು. ಒಂದು ಲೋಹದ ಗೋಡೆ ಅಡ್ಡ ಬಂದಿದ್ದಕ್ಕೆ ಇಷ್ಟು ವ್ಯತ್ಯಾಸ. ಮೂವತ್ತು ವರ್ಷ ಅದು ಇರ್ಲಿಲ್ಲ, ಆ ಮೂವತ್ತು ವರ್ಷದ ಎಲೆಯನ್ನ ಕೋಟ್ಯಂತರ ಜನ ಸೇದಿದ್ರು, ಇದನ್ನ ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ರೋಗದ ಕಡೆ ಏನಾಯ್ತು ನೋಡಿ. 1950ರ ದಶಕದಲ್ಲಿ ಸೇದೋರಿಗೆ ಬರ್ತಿದ್ದ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೆಚ್ಚಿನದು ಸ್ಕ್ವೇಮಸ್ ಸೆಲ್ ಅನ್ನೋ ಬಗೆ, ದೊಡ್ಡ ಶ್ವಾಸನಾಳಗಳಲ್ಲಿ, ಅಂದ್ರೆ ಶ್ವಾಸಕೋಶದ ನಡುಭಾಗದಲ್ಲಿ ಹುಟ್ಟೋದು. ದಶಕ ಕಳೆದಂತೆ ಅಡೆನೊಕಾರ್ಸಿನೋಮಾ ಅನ್ನೋ ಬಗೆ ಏರ್ತಾ ಬಂತು, ಇದು ಹುಟ್ಟೋದು ಅಂಚಿನಲ್ಲಿ, ಸಣ್ಣ ಸಣ್ಣ ಕವಲುಗಳಲ್ಲಿ. ಪ್ರಯೋಗದ ಪ್ರಾಣಿಗಳಿಗೆ ಎನ್‌ಎನ್‌ಕೆ ಕೊಟ್ರೆ, ಅದನ್ನ ಯಾವ ದಾರೀಲಿ ಕೊಟ್ರೂ, ಮುಖ್ಯವಾಗಿ ಬರೋದು ಶ್ವಾಸಕೋಶದ ಅಡೆನೊ ಬಗೆಯ ಗಡ್ಡೆಗಳು. ಅದರ ಮೇಲೆ ಹೊಗೆ ಹಗುರ ಆದಷ್ಟೂ ಸೇದೋನು ಆಳವಾಗಿ ಎಳೀತಾನೆ, ಆಳವಾಗಿ ಎಳೆದಷ್ಟೂ ಹೊಗೆ ಅಂಚಿನ ಕವಲುಗಳವರೆಗೆ ಹೋಗುತ್ತೆ. 2014ರ ಅಮೆರಿಕದ ಸರ್ಜನ್ ಜನರಲ್ (ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ) ವರದಿ ಇದನ್ನ ಎಚ್ಚರಿಕೆಯಿಂದ ಹೇಳಿದೆ: ಸೇದೋರಲ್ಲಿ ಅಡೆನೊಕಾರ್ಸಿನೋಮಾದ ಅಪಾಯ ಏರಿದ್ದು 1950ರ ದಶಕದಿಂದ ಸಿಗರೇಟಿನ ವಿನ್ಯಾಸ ಮತ್ತು ಅದರೊಳಗಿನ ವಸ್ತುಗಳು ಬದಲಾಗಿದ್ದರಿಂದ, ಯಾವ ನಿರ್ದಿಷ್ಟ ಬದಲಾವಣೆಯಿಂದ ಅಂತ ಖಚಿತವಾಗಿ ಹೇಳೋಕೆ ಪುರಾವೆ ಸಾಲದು, ಆದ್ರೆ ತೂತಿನ ಫಿಲ್ಟರು ಮತ್ತು ಹೆಚ್ಚಾದ ನೈಟ್ರೊಸಮೀನು ಇವೆರಡರ ಪಾತ್ರ ಇರಬಹುದು ಅಂತ ಸೂಚನೆ ಇದೆ. ಅಷ್ಟು ಅಳೆದು ತೂಗಿ ಬರೆಯೋ ವರದೀಲಿ ವಿನ್ಯಾಸವೇ ಕಾರಣ ಅನ್ನೋ ಮೊದಲ ಭಾಗ ಇಷ್ಟು ನೇರವಾಗಿ ಬಂದಿರೋದು ಸಣ್ಣ ಮಾತಲ್ಲ.

ಈ ತೂತಿನ ಫಿಲ್ಟರ್ ವಿಷಯಕ್ಕೆ ಬರ್ತೀನಿ. ಒಂದು ಫಿಲ್ಟರ್ ಸಿಗರೇಟು ತಗೊಂಡು, ಬಾಯಿಗೆ ಇಡೋ ತುದಿಗೆ ಸುತ್ತಿರೋ ಬಣ್ಣದ ಕಾಗದವನ್ನ ಉಗುರಿಂದ ನಿಧಾನಕ್ಕೆ ಬಿಡಿಸಿ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಬಹಳಷ್ಟು ಬ್ರಾಂಡುಗಳಲ್ಲಿ ಅಡ್ಡಕ್ಕೆ ಒಂದೋ ಎರಡೋ ಸಾಲು ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಬೆಳಕಿನಲ್ಲಿ ಹೊಳೀತವೆ. ಸುತ್ತಿದ್ದಾಗ ಅವು ಕಣ್ಣಿಗೆ ಬೀಳೋದೇ ಕಷ್ಟ, ಲೇಸರಿಂದ ಕೊರೆದಿರೋದು. ಯಂತ್ರ ದಮ್ಮು ಎಳೆದಾಗ ಆ ತೂತುಗಳಿಂದ ಶುದ್ಧ ಗಾಳಿ ಒಳಗೆ ಬಂದು ಹೊಗೆ ಜೊತೆ ಬೆರೆಯುತ್ತೆ, ಪ್ಯಾಡಿಗೆ ಅಂಟೋ ಟಾರ್ ಕಡಿಮೆ ಆಗುತ್ತೆ, ಪ್ಯಾಕೆಟ್ ಮೇಲಿನ ಸಂಖ್ಯೆ ಇಳಿಯುತ್ತೆ. ತೂತಾದ ಸ್ಟ್ರಾದಲ್ಲಿ ಜ್ಯೂಸ್ ಎಳೆದ ಹಾಗೆ. ಮನುಷ್ಯ ಸ್ಟ್ರಾ ತೂತಾಗಿದ್ರೆ ಏನ್ಮಾಡ್ತಾನೆ? ಬೆರಳು ಅಡ್ಡ ಇಡ್ತಾನೆ, ಇಲ್ಲಾ ಜೋರಾಗಿ ಎಳೀತಾನೆ. ಇಲ್ಲೂ ಅದೇ. ತೂತುಗಳಿರೋದು ತುಟಿ, ಬೆರಳು ಬೀಳೋ ಜಾಗದ ಹತ್ರಾನೇ. ಯಂತ್ರಕ್ಕೆ ತುಟಿಯೂ ಇಲ್ಲ, ನಿಕೋಟಿನ್ ಸಾಲಲಿಲ್ಲ ಅನ್ನೋ ಚಡಪಡಿಕೆಯೂ ಇಲ್ಲ. ಸೇದೋನಿಗೆ ಅದಿದೆ. ಅವನ ರಕ್ತ ಒಂದು ಮಟ್ಟದ ನಿಕೋಟಿನ್ ಕೇಳುತ್ತೆ, ಅದು ಸಿಗೋವರೆಗೂ ಅವನು ದೊಡ್ಡ ದಮ್ಮು ಎಳೀತಾನೆ, ಬೇಗಬೇಗ ಎಳೀತಾನೆ, ಹೊಗೆ ಒಳಗೇ ಹಿಡಿದುಕೊಳ್ತಾನೆ, ಅವನಿಗೇ ಗೊತ್ತಿಲ್ಲದ ಹಾಗೆ.

ಲಿನ್ ಕೊಜ್ಲೋವ್ಸ್ಕಿ ಅನ್ನೋ ಸಂಶೋಧಕರು ಇದನ್ನ ಹಿಡಿಯೋಕೆ ಸರಳವಾದ ಒಂದು ವಿಧಾನ ಕಂಡುಕೊಂಡ್ರು, ಸೇದಿ ಬಿಸಾಡಿದ ತುಂಡಿನ ತುದಿ ನೋಡೋದು. ತೂತುಗಳು ತೆರೆದೇ ಇದ್ರೆ ಗಾಳಿ ಸುತ್ತಲಿಂದ ಬರೋದ್ರಿಂದ ಹೊಗೆಯ ಕಂದು ಕಲೆ ಫಿಲ್ಟರಿನ ನಡುವೆ ಮಾತ್ರ ಬೊಟ್ಟಿನ ಹಾಗೆ ಕೂರುತ್ತೆ, ಅಂಚು ಬಿಳೀನೇ ಉಳಿಯುತ್ತೆ. ತೂತುಗಳನ್ನ ಮುಚ್ಚಿ ಸೇದಿದ್ರೆ ಇಡೀ ತುದಿ ಅಂಚಿನವರೆಗೂ ಕಂದು. ನಮ್ಮ ದೊಡ್ಡಪ್ಪ ಡಾಕ್ಟರ್ ಬೈದ ಮೇಲೆ ಲೈಟ್ ಸಿಗರೇಟಿಗೆ ಬದಲಾದ್ರು, ಮನೇಲಿ ಎಲ್ರೂ ಅದನ್ನ ಅರ್ಧ ಬಿಟ್ಟ ಹಾಗೇ ಅಂತ ಲೆಕ್ಕ ಹಾಕಿದ್ವಿ. ಅವರ ಆ್ಯಶ್‌ಟ್ರೇ ನಂಗೆ ಚೆನ್ನಾಗಿ ನೆನಪಿದೆ, ಅದರಲ್ಲಿದ್ದ ತುಂಡುಗಳ ತುದಿ ಎಲ್ಲ ಅಂಚಿನವರೆಗೂ ಕಂದು. ಅದರ ಅರ್ಥ ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ, ಅಷ್ಟರಲ್ಲಿ ಅವರಿಗೆ ಅದು ಉಪಯೋಗಕ್ಕೆ ಬರೋ ಕಾಲ ದಾಟಿತ್ತು. ಅವರು ಮೋಸ ಹೋಗಿದ್ದು ದಡ್ಡತನದಿಂದ ಅಲ್ಲ. ಪ್ಯಾಕೆಟ್ ಮೇಲೆ ಬರೆದಿದ್ದನ್ನ ನಂಬಿದ್ರು ಅಷ್ಟೇ.

ಯಂತ್ರವನ್ನ ಗೆಲ್ಲೋಕೆ ಅಂತ್ಲೇ ಮಾಡಿದಂತೆ ಕಾಣೋ ಸಿಗರೇಟುಗಳೂ ಬಂದ್ವು. 1980ರಲ್ಲಿ ಬಂದ ಬಾರ್ಕ್ಲೇ ಅನ್ನೋ ಬ್ರಾಂಡಿನಲ್ಲಿ ಫಿಲ್ಟರಿನ ಮೈಮೇಲೆ ಉದ್ದಕ್ಕೆ ಗೀರುಗಳಿದ್ವು, ಗಾಳಿ ಅದರ ಮೂಲಕ ಬರ್ತಿತ್ತು, ಯಂತ್ರದ ಹಿಡಿಕೇಲಿ ಆ ಗೀರುಗಳು ಹಾಗೇ ಇರ್ತಿದ್ವು, ಮನುಷ್ಯನ ತುಟೀಲಿ ಒತ್ತಿ ಮುಚ್ಚಿಕೊಳ್ತಿದ್ವು. ಪ್ಯಾಕೆಟ್ ಮೇಲೆ 1 ಮಿಲಿಗ್ರಾಂ ಅಂತ ಇದ್ದ ಅದರ ಟಾರ್ ಲೆಕ್ಕ ನಿಜಕ್ಕಿಂತ ಕಡಿಮೆ ತೋರಿಸ್ತಿದೆ ಅಂತ ಅಮೆರಿಕದಲ್ಲಿ ವ್ಯಾಪಾರ, ಜಾಹೀರಾತಿನ ಮೇಲೆ ಕಣ್ಣಿಡೋ ಫೆಡರಲ್ ಟ್ರೇಡ್ ಕಮಿಷನ್ ಕೆಲವೇ ವರ್ಷದಲ್ಲಿ ಹೇಳ್ತು. ಅದೇ ಕಮಿಷನ್ 1967ರಿಂದ ಈ ಯಂತ್ರದ ವಿಧಾನದಲ್ಲೇ ಟಾರ್ ಅಳೀತಿತ್ತು, ಕೊನೆಗೆ 2008ರಲ್ಲಿ ಆ ವಿಧಾನದ ಹೆಸರಲ್ಲಿ ಅಂಕಿ ಹಾಕೋದಕ್ಕೆ ಕೊಟ್ಟಿದ್ದ ಒಪ್ಪಿಗೆ ವಾಪಸ್ ತಗೊಂಡ್ತು. ಲೈಟ್, ಮೈಲ್ಡ್ ಅನ್ನೋ ಪದಗಳನ್ನ ಯೂರೋಪಿಯನ್ ಒಕ್ಕೂಟ 2003ರಲ್ಲಿ ನಿಲ್ಲಿಸ್ತು, ಅಮೆರಿಕ 2010ರಲ್ಲಿ. ಪ್ಯಾಕೆಟ್ ಬಣ್ಣ ಮಾತ್ರ ತಿಳಿಯಾಗೇ ಉಳೀತು, ಜನ ಬಣ್ಣ ನೋಡೇ ಇದು ಲೈಟ್ ಅಂತ ಅಂದ್ಕೊಳ್ತಾರೆ.

ನ್ಯಾಯವಾಗಿ ಹೇಳಬೇಕಂದ್ರೆ ಫಿಲ್ಟರ್ ಇಲ್ಲದ, 22 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಟಾರಿನ ಹಳೇ ಸಿಗರೇಟಿಗೆ ಹೋಲಿಸಿದ್ರೆ ಫಿಲ್ಟರ್ ಇರೋದು ಒಂದಷ್ಟು ಕಡಿಮೆ ಕೆಟ್ಟದ್ದು. 2004ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಅದನ್ನ ತೋರಿಸಿದೆ. ಅದೇ ಅಧ್ಯಯನ ಮಧ್ಯಮ ಟಾರ್, ಕಡಿಮೆ ಟಾರ್, ತೀರಾ ಕಡಿಮೆ ಟಾರ್ ಈ ಮೂರರ ನಡುವೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯದಲ್ಲಿ ವ್ಯತ್ಯಾಸ ಕಾಣ್ಲಿಲ್ಲ ಅಂತಾನೂ ಹೇಳಿದೆ. ಅಂದ್ರೆ ಮೊದಲ ಹೆಜ್ಜೇಲಿ ಸ್ವಲ್ಪ ಸಿಕ್ತು, ಆಮೇಲಿನ ಎಲ್ಲ ಇಳಿಕೆ ಬರೀ ಯಂತ್ರಕ್ಕೆ ಸಿಕ್ಕಿದ್ದು.

ಕಾಲಕ್ಕೆ ತಕ್ಕಂತೆ ಬಂದು ಹೋದ ವಿಷಗಳೂ ಇವೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ತಂಬಾಕಿನ ಹುಳಕ್ಕೆ ಸೀಸದ ಆರ್ಸೆನೇಟ್ ಹೊಡೀತಿದ್ರು, ಅಮೆರಿಕದ ಸಿಗರೇಟಿನಲ್ಲಿ ಆರ್ಸೆನಿಕ್ 1950ರವರೆಗೂ ಏರ್ತಾ ಹೋಯ್ತು, ಡಿಡಿಟಿ ಬಂದ ಮೇಲೆ ಇಳೀತು. ಆಮೇಲೆ ಡಿಡಿಟಿಯ ಉಳಿಕೆ ಹೊಗೇಲಿ ಬಂತು, ಅದನ್ನ ನಿಷೇಧಿಸಿದ ಮೇಲೆ ಅದೂ ಇಳೀತು. ಕ್ಯಾಡ್ಮಿಯಂ ಹಾಗಲ್ಲ, ತಂಬಾಕು ಗಿಡ ಅದನ್ನ ಮಣ್ಣಿಂದ ಎಳೆದು ಎಲೇಲಿ ಇಟ್ಟುಕೊಳ್ಳೋದ್ರಲ್ಲಿ ಎತ್ತಿದ ಕೈ, ಎಲ್ಲಿ ಬೆಳೀತು ಅನ್ನೋದರ ಮೇಲೆ ಹೆಚ್ಚುಕಮ್ಮಿ ಆಗುತ್ತೆ ಅಷ್ಟೇ. 1964ರಲ್ಲಿ ರ‍್ಯಾಡ್‌ಫೋರ್ಡ್ ಮತ್ತು ಹಂಟ್ ಹೊಗೇಲಿ ಪೊಲೋನಿಯಂ 210 ಇದೆ ಅಂತ ತೋರಿಸಿದ್ರು, ವಿಕಿರಣ ಸೂಸೋ ಧಾತು ಅದು. ತಂಬಾಕಿನ ಎಲೆ ಮುಟ್ಟಿದ್ರೆ ಅಂಟಂಟು ಅನ್ಸುತ್ತಲ್ಲ, ಆ ಅಂಟಿರೋ ಸಣ್ಣ ರೋಮಗಳಿಗೆ ಗಾಳೀಲಿರೋ ರೇಡಾನ್ ಅನ್ನೋ ವಿಕಿರಣ ಅನಿಲ ಒಡೆದು ಹುಟ್ಟೋ ಧಾತುಗಳು ಬಂದು ಅಂಟುತ್ತವೆ, ಫಾಸ್ಫೇಟ್ ಗೊಬ್ಬರದಿಂದಲೂ ಒಂದಷ್ಟು ಬರುತ್ತೆ.

ಇನ್ನು ಫಿಲ್ಟರಿಗೆ ಸಂಬಂಧವೇ ಇಲ್ಲದ ಹೊಗೆ ಒಂದಿದೆ, ದಮ್ಮುಗಳ ನಡುವೆ ತುದಿಯಿಂದ ಸುಮ್ನೆ ಏಳೋದು. ಎಪ್ಪತ್ತು ವರ್ಷದ ಈ ಎಲ್ಲ ವಿನ್ಯಾಸವೂ ಬಾಯಿಗೆ ಹೋಗೋ ಹೊಗೆಗೆ ಮಾಡಿದ್ದು. ಪಕ್ಕದಲ್ಲಿ ಕೂತ ಹೆಂಡತಿ, ಮಗು ಉಸಿರಾಡೋ ಹೊಗೆ ಯಾವ ಫಿಲ್ಟರನ್ನೂ ದಾಟಿ ಬರಲ್ಲ. ಕಡಿಮೆ ಶಾಖದಲ್ಲಿ ಹುಟ್ಟೋದ್ರಿಂದ ಅದರಲ್ಲಿ ಅಮೋನಿಯಾ, ನೈಟ್ರೊಸಮೀನ್ ಇವೆಲ್ಲ ಬಾಯಿಗೆ ಬರೋ ಹೊಗೆಗಿಂತ ಹೆಚ್ಚೇ ಇರ್ತವೆ, ಕೋಣೆ ಗಾಳೀಲಿ ಬೆರೆತು ತೆಳುವಾಗುತ್ತೆ ಅನ್ನೋದೊಂದೇ ಉಳಿಸೋದು. 2010ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಇನ್ನೊಂದು ವಿಷಯ ತೋರಿಸಿದ್ರು, ಗೋಡೆಗೆ, ಬಟ್ಟೆಗೆ ಹತ್ತಿ ಕೂತ ನಿಕೋಟಿನ್, ಕೋಣೆಯ ಗಾಳೀಲಿರೋ ನೈಟ್ರಸ್ ಆಮ್ಲದ ಜೊತೆ ಸೇರಿ ಸಿಗರೇಟು ಆರಿದ ಎಷ್ಟೋ ಹೊತ್ತಿನ ಮೇಲೂ ಹೊಸದಾಗಿ ನೈಟ್ರೊಸಮೀನ್ ಮಾಡುತ್ತೆ. ಬ್ಯಾರನ್ನಿನೊಳಗೆ ನಡೆದ ಕೆಮಿಸ್ಟ್ರಿ ಮನೆಯೊಳಗೂ ನಡೆಯುತ್ತೆ ಅಂತ ಆಯ್ತು.

ಈಗ ನಿಯಮ ಮಾಡೋರು ಎಲ್ಲಿದ್ದಾರೆ? ಯೂರೋಪು 2004ರಿಂದ ಟಾರ್ 10, ನಿಕೋಟಿನ್ 1, ಕಾರ್ಬನ್ ಮಾನಾಕ್ಸೈಡ್ 10 ಮಿಲಿಗ್ರಾಂ ಅಂತ ಮಿತಿ ಹಾಕಿದೆ, ಆದ್ರೆ ಅಳೆಯೋದು ಅದೇ 35 ಮಿಲಿಲೀಟರ್ ಯಂತ್ರದಲ್ಲಿ, ತೂತು ತೆರೆದಿಟ್ಟು. ಅದರಿಂದ ಹೆಚ್ಚಿನದೇನೂ ಸಿಗಲ್ಲ ಅನ್ನೋದು ನನ್ನ ಅಭಿಪ್ರಾಯ. ಕೆನಡಾದವರು ಬೇರೆ ವಿಧಾನ ತಂದ್ರು, 55 ಮಿಲಿಲೀಟರ್ ದಮ್ಮು, ಅರ್ಧ ನಿಮಿಷಕ್ಕೊಂದು, ತೂತುಗಳಿಗೆಲ್ಲ ಟೇಪ್ ಸುತ್ತಿ ಅಳೆಯೋದು. ಹಾಗೆ ಅಳೆದಾಗ ಲೈಟಿಗೂ ಮಾಮೂಲಿಗೂ ಇದ್ದ ವ್ಯತ್ಯಾಸ ಬಹಳಷ್ಟು ಕರಗಿಹೋಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 2008ರಲ್ಲಿ ಟಾರ್ ಅನ್ನೋ ಒಟ್ಟು ತೂಕ ಬಿಟ್ಟು ಒಂಬತ್ತು ವಿಷಗಳನ್ನ ಬೇರೆಬೇರೆ ಅಳೆದು ಮಿತಿ ಹಾಕಿ ಅಂತ ಹೇಳ್ತು, ಅದರಲ್ಲಿ ಎನ್‌ಎನ್‌ಎನ್, ಎನ್‌ಎನ್‌ಕೆ, ಬೆಂಜೊಪೈರೀನ್, ಬೆಂಜೀನ್, ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಎಲ್ಲ ಇವೆ. ಅಳತೆ ಒಂದು ಸಿಗರೇಟಿಗೆ ಅಲ್ಲ, ಒಂದು ಮಿಲಿಗ್ರಾಂ ನಿಕೋಟಿನ್‌ಗೆ ಎಷ್ಟು ಅಂತ. ಇದು ನನಗೆ ತುಂಬಾ ಸರಿ ಅನ್ಸುತ್ತೆ, ಯಾಕಂದ್ರೆ ಸೇದೋನು ಎಣಿಸೋದು ಸಿಗರೇಟನ್ನಾದ್ರೂ ಅವನ ಮೈ ಎಣಿಸೋದು ನಿಕೋಟಿನನ್ನ, ಅದು ಸಿಗೋವರೆಗೂ ಎಳೀತಾನೆ ಅಂದ್ಮೇಲೆ ಅಷ್ಟು ನಿಕೋಟಿನ್ ಜೊತೆ ಎಷ್ಟು ವಿಷ ಬಂತು ಅನ್ನೋದೇ ಕೇಳಬೇಕಾದ ಪ್ರಶ್ನೆ.

ನಿಕೋಟಿನ್ ಬಗ್ಗೆ ಕೊನೇದಾಗಿ ಎರಡು ವಿಷಯ. ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಕಂಪನಿಗಳು ಕೊಡ್ತಿದ್ದ ವರದಿಗಳನ್ನ ಹಾರ್ವರ್ಡ್‌ನವರು ತಿರುವಿ ನೋಡಿದಾಗ 1998ರಿಂದ 2005ರೊಳಗೆ ಹೊಗೇಲಿ ಬರೋ ನಿಕೋಟಿನ್ ಸುಮಾರು 11 ಶೇಕಡಾ ಏರಿತ್ತು. ಪ್ಯಾಕೆಟ್ ನೋಡಿದವರಿಗೆ ಅದು ಗೊತ್ತಾಗೋ ದಾರಿ ಇರ್ಲಿಲ್ಲ. ಇನ್ನೊಂದು, ಜನವರಿ 2025ರಲ್ಲಿ ಅಮೆರಿಕದ ಎಫ್‌ಡಿಎ (ಆಹಾರ, ಔಷಧಿ, ತಂಬಾಕಿಗೆ ನಿಯಮ ಹಾಕೋ ಸಂಸ್ಥೆ) ಒಂದು ಪ್ರಸ್ತಾಪ ಮುಂದಿಟ್ಟಿತು, ಸಿಗರೇಟಿನ ಒಂದು ಗ್ರಾಂ ತಂಬಾಕಿನಲ್ಲಿ ನಿಕೋಟಿನ್ 0.7 ಮಿಲಿಗ್ರಾಂ ದಾಟಬಾರದು ಅಂತ. ಈಗ ಮಾಮೂಲಿಯಾಗಿ 10ರಿಂದ 20 ಮಿಲಿಗ್ರಾಂ ಇರುತ್ತೆ. ಲೈಟ್ ಸಿಗರೇಟಿನ ಒಳಗೆ ನಿಕೋಟಿನ್ ಪೂರ್ತಿ ಇತ್ತು, ತೂತು ಮುಚ್ಚಿ ಜೋರಾಗಿ ಎಳೆದ್ರೆ ಸಿಗ್ತಿತ್ತು. ಇಲ್ಲಿ ಎಲೇಲೇ ಇರಲ್ಲ, ಎಷ್ಟು ಎಳೆದ್ರೂ ಬರಲ್ಲ, ಪ್ರಯೋಗಗಳಲ್ಲಿ ಇಂಥ ಸಿಗರೇಟು ಕೊಟ್ಟವರು ಹೆಚ್ಚು ಸೇದೋ ಬದಲು ಕಡಿಮೆ ಮಾಡಿದ್ದಾರೆ. ಅದರ ಹೊಗೇಲಿ ಕಾರ್ಬನ್ ಮಾನಾಕ್ಸೈಡ್, ಬೆಂಜೊಪೈರೀನ್, ಅಕ್ರೋಲಿನ್ ಎಲ್ಲ ಇದ್ದೇ ಇರ್ತವೆ, ಎಲೆ ಉರಿದ್ರೆ ಅವು ಹುಟ್ಟೇ ಹುಟ್ಟುತ್ತವೆ, ಹಾಗಾಗಿ ಇದನ್ನ ಯಾರೂ ಹೊಸ ಲೈಟ್ ಸಿಗರೇಟು ಅಂತ ಮಾರೋಕೆ ಬಿಡಬಾರದು. ಅದರಿಂದ ಆಗೋ ಪ್ರಯೋಜನ ಏನಿದ್ರೂ ಸೇದೋನು ಮುಂದಿನ ಸಿಗರೇಟು ಹಚ್ಚದೇ ಇದ್ರೆ ಮಾತ್ರ.